ಮೈ ನೀವಿದರೆ ನೋವು ಇಳಿಯುವುದೇಕೆ?

ಶಾಲೆಯ ಕ್ರೀಡಾಕೂಟಕ್ಕೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ಮೈದಾನ ಒಮ್ಮೆಲೇ ತುಂಬಿಕೊಳ್ಳುತ್ತದೆ. ವರ್ಷವಿಡೀ ಬೆಂಚು ಬಿಟ್ಟು ಏಳದವರೂ ಬೆಳಿಗ್ಗೆ ಆರಕ್ಕೇ ಬಂದು ಓಡುತ್ತಾರೆ, ಜಿಗಿಯುತ್ತಾರೆ, ಐವತ್ತು ಬಸ್ಕಿ ಹೊಡೆಯುತ್ತಾರೆ. ಅಂದು ಏನೂ ತೊಂದರೆಯಿಲ್ಲ. ಮೈ ಹಗುರವಾಯಿತು ಎಂದೇ ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತೊಡೆ ಹಿಡಿದುಕೊಂಡಿರುತ್ತದೆ. ಅದರ ಮರುದಿನವಂತೂ ಮೆಟ್ಟಿಲು ಇಳಿಯುವುದೇ ಒಂದು ಸಾಹಸ. ಗೋಡೆ ಹಿಡಿದು, ಮೈ ಓರೆ ಮಾಡಿ, ಒಂದೊಂದೇ ಕಾಲು ಊರಿ ಇಳಿಯಬೇಕು. ಈ ಅನುಭವ ನಿಮಗೂ ಆಗಿರಬೇಕು.

ಮನೆಯಲ್ಲಿ ಅಜ್ಜಿ ಇದ್ದರೆ ನಿಮ್ಮ ನಡಿಗೆ ನೋಡಿಯೇ ವಿಷಯ ತಿಳಿದುಬಿಡುತ್ತದೆ. "ಬಾರೋ ಇಲ್ಲಿ, ಒಂಚೂರು ಎಣ್ಣೆ ಹಚ್ಚಿ ನೀವ್ತೀನಿ" ಎಂದು ಕೂರಿಸಿಕೊಳ್ಳುತ್ತಾರೆ. ಬೆಚ್ಚಗೆ ಮಾಡಿದ ಎಣ್ಣೆ, ಒರಟಾದರೂ ಹದವರಿತ ಕೈ. ಕಾಲು ಗಂಟೆ ಕಳೆಯುವಷ್ಟರಲ್ಲಿ ನೋವು ಪೂರ್ತಿ ಹೋಗದಿದ್ದರೂ ಇಳಿದಿರುತ್ತದೆ. ಏಕೆ ಎಂದು ಕೇಳಿದರೆ "ಕೆಟ್ಟ ರಕ್ತ ಎಲ್ಲ ಕದಲಿಹೋಗತ್ತೆ" ಎನ್ನುತ್ತಾರೆ ಅಜ್ಜಿ. ಶಾಲೆಯಲ್ಲಿ ಕೇಳಿದರೆ ದೈಹಿಕ ಶಿಕ್ಷಕರು "ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕೂತಿರುತ್ತೆ, ತಿಕ್ಕಿದರೆ ಹೊರಟುಹೋಗುತ್ತೆ" ಎನ್ನಬಹುದು. ಇಬ್ಬರೂ ಹೇಳಿದ ಉಪಚಾರ ಸರಿ. ಇಬ್ಬರೂ ಕೊಟ್ಟ ಕಾರಣ ಮಾತ್ರ ಸರಿಯಲ್ಲ. ಉಪಚಾರ ಫಲಿಸಿದ ಮೇಲೆ ಕಾರಣ ಯಾವುದಾದರೇನು ಎಂದು ನೀವು ಕೇಳಬಹುದು. ಒಳಗೆ ವಿಷ ಕೂತಿದೆ ಎಂದು ನಂಬಿದವನು ಅದನ್ನು ಹಿಂಡಿ ತೆಗೆಯಲು ಹೊರಡುತ್ತಾನೆ. ಹಿಂಡಬಾರದ ಕಡೆಯಲ್ಲೂ ಹಿಂಡುತ್ತಾನೆ. ಕಾರಣವನ್ನು ಇಷ್ಟು ವಿಸ್ತಾರವಾಗಿ ಹುಡುಕುವುದು ಅದಕ್ಕಾಗಿಯೇ.

ನಿನ್ನೆ ಇಲ್ಲದ ನೋವು ಇಂದು ಎಲ್ಲಿಂದ ಬಂತು?

ನಮ್ಮ ದೇಹದಲ್ಲಿ ಆರು ನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಒಂದೊಂದು ಸ್ನಾಯುವೂ ಹಗ್ಗದ ಹಾಗೆ ಎಳೆಯೊಳಗೆ ಎಳೆ ಸೇರಿ ಆದದ್ದು. ಅತಿ ಸೂಕ್ಷ್ಮವಾದ ಎಳೆಗಳಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನ್ ತಂತುಗಳು ಒಂದರ ಸಂದಿನಲ್ಲಿ ಇನ್ನೊಂದು ಸೇರಿಕೊಂಡಿರುತ್ತವೆ. ಎರಡೂ ಕೈಗಳ ಬೆರಳುಗಳನ್ನು ಹೆಣೆದು ಒಳಕ್ಕೆ ತಳ್ಳಿನೋಡಿ. ಬೆರಳುಗಳ ಉದ್ದ ಬದಲಾಗುವುದಿಲ್ಲ, ಆದರೆ ಕೈಗಳು ಹತ್ತಿರ ಬರುತ್ತವೆ. ಸ್ನಾಯು ಕುಗ್ಗುವುದೂ ಹೀಗೆಯೇ. ಇದನ್ನು 1954ರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಆಂಡ್ರ್ಯೂ ಹಕ್ಸ್‌ಲಿ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಹೆಸರು ಒಂದೇ ಆದರೂ ಅವರು ಸಂಬಂಧಿಕರಲ್ಲ.

ಸ್ನಾಯು ಕೆಲಸ ಮಾಡುವುದು ಕುಗ್ಗುವಾಗ ಮಾತ್ರವಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿದವರನ್ನು ಕೇಳಿ. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಂದಿಯ ಬಳಿ ಕುಳಿತು ನೀರು ಕುಡಿಯಬೇಕಾಗುತ್ತದೆ. ಇಳಿಯುವಾಗ ಹರಟೆ ಹೊಡೆದುಕೊಂಡೇ ಇಳಿಯಬಹುದು. ಆದರೆ ಎರಡು ದಿನ ತೊಡೆಯಲ್ಲಿ ಕಾಡುವ ನೋವಿಗೆ ಮುಖ್ಯ ಕಾರಣ ಹತ್ತಿದ್ದಲ್ಲ, ಇಳಿದದ್ದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಯ ಭಾರವನ್ನು ಹಿಡಿದುಕೊಂಡೇ ನಿಧಾನವಾಗಿ ಉದ್ದವಾಗಬೇಕು. ಬಾವಿಗೆ ಕೊಡ ಇಳಿಬಿಡುವಾಗ ಹಗ್ಗವನ್ನು ಬಿಗಿಹಿಡಿದೇ ಜಾರಿಸುವ ಹಾಗೆ. ಅಂಗೈ ಉರಿಯುವುದು ಆಗಲೇ ಅಲ್ಲವೆ? ಹಿಡಿತ ಬಿಡದೆ ಉದ್ದವಾಗುವ ಈ ಕೆಲಸದಲ್ಲಿ ಕೆಲವು ಸೂಕ್ಷ್ಮ ಎಳೆಗಳು ಜಗ್ಗಿ ಹರಿಯುತ್ತವೆ. ಅಭ್ಯಾಸವಿಲ್ಲದ ಸ್ನಾಯುವಿನಲ್ಲಿ ಹೆಚ್ಚು ಹರಿಯುತ್ತವೆ.

ನೋವು ತಡವಾಗಿ ಬರುವುದಕ್ಕೂ ಇದೇ ಕಾರಣ. ಹರಿದ ಕಡೆ ದೇಹ ದುರಸ್ತಿ ಕೆಲಸ ಶುರುಮಾಡುತ್ತದೆ. ರಕ್ತದಿಂದ ಬಿಳಿಯ ಕಣಗಳು ಅಲ್ಲಿಗೆ ಬರುತ್ತವೆ, ನೀರಿನಂಶ ಸೇರಿ ಜಾಗ ಸ್ವಲ್ಪ ಊದಿಕೊಳ್ಳುತ್ತದೆ, ಅಲ್ಲಿಯ ನೋವಿನ ನರಗಳು ಸಣ್ಣ ಒತ್ತಡಕ್ಕೂ ಕೂಗುವಂತಾಗುತ್ತವೆ. ಇದನ್ನೇ ಉರಿಯೂತ ಎನ್ನುತ್ತೇವೆ. ಈ ಕೆಲಸ ಬಲಿಯಲು ಒಂದರಿಂದ ಮೂರು ದಿನ ಬೇಕು. ಥಿಯೊಡೋರ್ ಹಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲೇ ತಡವಾಗಿ ಬರುವ ಈ ನೋವನ್ನು ವಿವರಿಸಿ, ಸ್ನಾಯುವಿನೊಳಗೆ ಏನೋ ಹರಿದಿರಬೇಕು ಎಂದು ಊಹಿಸಿದ್ದರು.

ಹಾಗಿದ್ದರೆ ಲ್ಯಾಕ್ಟಿಕ್ ಆಮ್ಲದ ಕಥೆ ಎಲ್ಲಿಂದ ಬಂತು? ಅದರ ಹಿಂದೆ ದೊಡ್ಡ ವಿಜ್ಞಾನವೇ ಇದೆ. ದುಡಿಯುವ ಸ್ನಾಯುವಿನಲ್ಲಿ ಈ ಆಮ್ಲ ಹೇಗೆ ಹುಟ್ಟುತ್ತದೆ, ಆಮ್ಲಜನಕಕ್ಕೂ ಅದಕ್ಕೂ ಏನು ಸಂಬಂಧ ಎಂಬ ಸಂಶೋಧನೆಗಾಗಿ ಜರ್ಮನಿಯ ಆಟೊ ಮೆಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಹುಮಾನ ಸಂದಿತು; ಸ್ನಾಯುವಿನ ಶಾಖವನ್ನು ಅಳೆದ ಬ್ರಿಟನ್ನಿನ ಎ. ವಿ. ಹಿಲ್ ಅವರೊಂದಿಗೆ ಹಂಚಿಕೆಯಾದ ಬಹುಮಾನ ಅದು. ಆಯಾಸವಾದಾಗ ಈ ವಸ್ತು ಹೆಚ್ಚುವುದು ನಿಜ. ಹೆಚ್ಚಾದದ್ದೇ ಮರುದಿನದ ನೋವಿಗೂ ಕಾರಣ ಎಂದು ಜನ ಸೇರಿಸಿಕೊಂಡರು. ಆದರೆ ಓಟ ನಿಲ್ಲಿಸಿದ ಒಂದು ಗಂಟೆಯ ಸುಮಾರಿಗೆ ಅದು ಬಹುಮಟ್ಟಿಗೆ ಮಾಮೂಲು ಮಟ್ಟಕ್ಕೆ ಇಳಿದುಬಿಡುತ್ತದೆ. ಹೃದಯ, ಯಕೃತ್ತು, ಇತರ ಸ್ನಾಯುಗಳು ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಮಂಗಳವಾರದ ನೋವಿಗೆ ಭಾನುವಾರ ಸಂಜೆಯೇ ಊರು ಬಿಟ್ಟವನನ್ನು ಅಪರಾಧಿ ಮಾಡಲಾಗದು. ಅಲ್ಲದೆ, ಇಳಿಜಾರಿನಲ್ಲಿ ಓಡುವವರಲ್ಲಿ ಈ ಆಮ್ಲ ಕಡಿಮೆ, ನೋವು ಹೆಚ್ಚು.

ಕೈ ಮಾಡುವ ಕೆಲಸ

ನೋವಿನ ಮೂಲ ಹೀಗಿರುವಾಗ ನೀವುವ ಕೈ ಒಳಗೆ ಏನು ಮಾಡುತ್ತದೆ?

ಮಂಚದ ಕಾಲಿಗೆ ಮೊಣಕಾಲು ತಗುಲಿದಾಗ ನಾವು ಮೊದಲು ಮಾಡುವ ಕೆಲಸ ಅಲ್ಲಿ ಉಜ್ಜಿಕೊಳ್ಳುವುದು. ಯಾರೂ ಕಲಿಸಬೇಕಾಗಿಲ್ಲ, ಎಳೆಯ ಮಗುವೂ ಉಜ್ಜಿಕೊಳ್ಳುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬುವರು ಇದಕ್ಕೊಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಮಿದುಳಿಗೆ ನೇರವಾಗಿ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು. ಸ್ಪರ್ಶದ, ಒತ್ತಡದ ಸುದ್ದಿಗಳು ದಪ್ಪ ನರಗಳಲ್ಲಿ ವೇಗವಾಗಿ ಬಂದು ಆ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತವೆ. ಸಣ್ಣ ನರಗಳಲ್ಲಿ ನಿಧಾನವಾಗಿ ಬರುವ ನೋವಿನ ಸುದ್ದಿ ಹೊರಗೇ ಕಾಯಬೇಕಾಗುತ್ತದೆ. ಈ ಸಿದ್ಧಾಂತದ ವಿವರಗಳು ಆಮೇಲೆ ಸಾಕಷ್ಟು ಬದಲಾಗಿವೆ. ಆದರೆ ಸ್ಪರ್ಶವು ನೋವನ್ನು ತಗ್ಗಿಸುತ್ತದೆ, ಆ ಕೆಲಸ ನರಮಂಡಲದಲ್ಲಿ ನಡೆಯುತ್ತದೆ ಎಂಬ ಮೂಲ ಮಾತು ಉಳಿದಿದೆ. ಒತ್ತಡವನ್ನು ಗುರುತಿಸುವ ಅಣುಗಳನ್ನು ಜೀವಕೋಶದ ಪೊರೆಯಲ್ಲಿ ಪತ್ತೆ ಮಾಡಿದ್ದಕ್ಕೆ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟವಾದದ್ದು. ವೈದ್ಯರು ಮೊಣಕಾಲಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಒದೆಯುವುದನ್ನು ನೋಡಿದ್ದೀರಿ. ಬೆನ್ನುಹುರಿ ಸ್ನಾಯುವಿಗೆ ಎಷ್ಟು ಚುರುಕಾಗಿ ಆಜ್ಞೆ ಕೊಡಲು ಸಿದ್ಧವಾಗಿದೆ ಎಂಬುದನ್ನು ಇದೇ ಬಗೆಯ ಪ್ರತಿಕ್ರಿಯೆಯನ್ನು ವಿದ್ಯುತ್ತಿನಿಂದ ಎಬ್ಬಿಸಿ ಅಳೆಯಬಹುದು. 1990ರಲ್ಲಿ ಕೆನಡಾದ ಸಂಶೋಧಕರು ಆರೋಗ್ಯವಂತರ ಮೀನಖಂಡವನ್ನು ಹಿಸುಕುತ್ತಾ ಹೀಗೆ ಅಳೆದರು. ಹಿಸುಕುತ್ತಿರುವಷ್ಟು ಹೊತ್ತು ಪ್ರತಿಕ್ರಿಯೆ ಚೆನ್ನಾಗಿ ತಗ್ಗಿತ್ತು. ಕೈ ತೆಗೆದೊಡನೆ ಮೊದಲಿನ ಕಡೆಗೆ ಮರಳಿತು. ಅಂದರೆ ಬಿಗಿದ ಸ್ನಾಯು ಸಡಿಲವಾದಂತೆ ಅನ್ನಿಸುವುದು ಬರೀ ಭ್ರಮೆಯಲ್ಲ. ಬೆನ್ನುಹುರಿ ತನ್ನ ಆಜ್ಞೆಯನ್ನು ನಿಜವಾಗಿಯೂ ಸಡಿಲಿಸುತ್ತದೆ. ಆದರೆ ಆ ಸಡಿಲಿಕೆ ಬಹಳ ಹೊತ್ತು ನಿಲ್ಲುವುದಿಲ್ಲ. ಈ ಎರಡನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಸ್ನಾಯುವಿನೊಳಗೆ ಏನೂ ಆಗುವುದಿಲ್ಲವೆ? ಆಗುತ್ತದೆ. ಕೆನಡಾದ್ದೇ ಆದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಮಂದಿ ಯುವಕರಿಗೆ ಇನ್ನಾಗದು ಎನ್ನುವವರೆಗೆ ಸೈಕಲ್ ತುಳಿಸಿದರು. ಆಮೇಲೆ ಒಂದು ಕಾಲನ್ನು ಹತ್ತು ನಿಮಿಷ ನೀವಿ, ಇನ್ನೊಂದನ್ನು ಹಾಗೆಯೇ ಬಿಟ್ಟರು. ನಂತರ ಎರಡೂ ತೊಡೆಗಳಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಎರಡೂವರೆ ಗಂಟೆಯ ಮೇಲೆ ಮತ್ತೊಮ್ಮೆ ತೆಗೆದರು. ಅವರ ಸಹನೆಗೆ ನಾವು ಋಣಿಗಳು. ನೀವಿದ ಕಾಲಿನಲ್ಲಿ ಉರಿಯೂತವನ್ನು ಎಬ್ಬಿಸುವ ಸಂಕೇತಗಳು ತಗ್ಗಿದ್ದವು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಹೊಸದಾಗಿ ಕಟ್ಟಿರೆಂಬ ಸಂಕೇತ ಹೆಚ್ಚಿತ್ತು. ಲ್ಯಾಕ್ಟಿಕ್ ಆಮ್ಲದ ಮಟ್ಟದಲ್ಲಿ ಮಾತ್ರ ಎರಡು ಕಾಲುಗಳಿಗೂ ವ್ಯತ್ಯಾಸವೇ ಇರಲಿಲ್ಲ. 11 ಜನ ಸಣ್ಣ ಸಂಖ್ಯೆ ಎಂಬುದು ನಿಜ, ಆದರೂ ಹಾದಿ ಯಾವ ಕಡೆಗಿದೆ ಎಂದು ಇದು ತೋರಿಸಿತು. ಅದಕ್ಕೆ ಎರಡು ವರ್ಷ ಮೊದಲು ಕೆನಡಾದ್ದೇ ಆದ ಇನ್ನೊಂದು ತಂಡ, ವ್ಯಾಯಾಮ ಮುಗಿದೊಡನೆ ತಿಕ್ಕಿದರೆ ಸ್ನಾಯುವಿನ ರಕ್ತದ ಹರಿವು ಹೆಚ್ಚುವ ಬದಲು ಕುಗ್ಗುತ್ತದೆ, ಆಮ್ಲ ಹೊರಹೋಗುವುದೂ ತಡವಾಗುತ್ತದೆ ಎಂದು ಅಳೆದು ತೋರಿಸಿತ್ತು. ಪ್ರತಿಸಲ ಒತ್ತಿದಾಗಲೂ ರಕ್ತನಾಳ ಕ್ಷಣಕಾಲ ಮುಚ್ಚಿಕೊಳ್ಳುತ್ತದಷ್ಟೆ.

ಇಷ್ಟು ಕೇಳಿದ ಮೇಲೆ ಕ್ರೀಡಾಪಟುಗಳು ಒಂದು ನೇರ ಪ್ರಶ್ನೆ ಕೇಳುತ್ತಾರೆ: ಮಾಲೀಸು ಮಾಡಿಸಿಕೊಂಡರೆ ನಾನು ಹೆಚ್ಚು ವೇಗವಾಗಿ ಓಡುತ್ತೇನೆಯೆ? ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2020ರಲ್ಲಿ 29 ಅಧ್ಯಯನಗಳನ್ನು, ಒಟ್ಟು 1,012 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಓಟ, ಜಿಗಿತ, ಬಲ, ಆಯಾಸ ಇವುಗಳಲ್ಲಿ ಯಾವ ಲಾಭವೂ ಕಾಣಲಿಲ್ಲ. ತಡವಾಗಿ ಬರುವ ನೋವು ತಗ್ಗುವುದರಲ್ಲಿ ಮತ್ತು ಮೈ ಬಾಗುವುದರಲ್ಲಿ ಚಿಕ್ಕದಾದರೂ ನಿಜವಾದ ಲಾಭ ಕಂಡಿತು. ಚಿಕ್ಕದು ಎಂದು ಮೂಗು ಮುರಿಯಬೇಡಿ. ಮೆಟ್ಟಿಲು ಇಳಿಯಲಾಗದ ದಿನ ಚಿಕ್ಕ ಲಾಭವೂ ದೊಡ್ಡದೇ.

ಗರಡಿಯ ಲೆಕ್ಕಾಚಾರ

ಈ ಮಾಪನಗಳೆಲ್ಲ ಬರುವುದಕ್ಕೆ ಬಹಳ ಮುಂಚೆಯೇ ಮೈ ದಂಡಿಸುವವರು ಮೈ ನೀವಿಸಿಕೊಳ್ಳುತ್ತಿದ್ದರು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯನ್ನು ಹೇಳುವ ಅಧ್ಯಾಯವೊಂದಿದೆ. ಅಭ್ಯಂಗವನ್ನು, ಅಂದರೆ ಎಣ್ಣೆ ಹಚ್ಚಿ ಮೈ ನೀವುವುದನ್ನು, ಅವನು ಹಬ್ಬಹರಿದಿನಕ್ಕೆ ಮೀಸಲಿಡದೆ ದಿನದ ಕೆಲಸವನ್ನಾಗಿ ಹೇಳುತ್ತಾನೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆನ್ನುತ್ತಾನೆ. ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕು, ಆಮೇಲೆ ಮೈಗೆ ಹಿತವಾಗುವ ಹಾಗೆ ಎಲ್ಲ ಕಡೆಯೂ ಮರ್ದನ ಮಾಡಬೇಕು ಎಂಬುದು ಅವನ ಮಾತಿನ ಸಾರ. ಅಜೀರ್ಣವಾದವರಿಗೆ ಅಭ್ಯಂಗ ಬೇಡ ಎಂಬ ಎಚ್ಚರಿಕೆಯೂ ಅಲ್ಲಿದೆ. 'ಹಿತವಾಗುವ ಹಾಗೆ' ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ.

ನಮ್ಮ ನಾಡಿನವನೇ ಆದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ. ಕಲ್ಯಾಣವೆಂದರೆ ಇಂದು ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣ. ಮಲ್ಲರ ದರ್ಜೆ, ಅವರ ಆಹಾರ, ಅಭ್ಯಾಸ ಇವುಗಳಿಗೆ ಅದರಲ್ಲೊಂದು ಅಧ್ಯಾಯವೇ ಮೀಸಲಾಗಿದೆ. ಪಾದಾಭ್ಯಂಗಕ್ಕೆ ಬೇರೊಂದು ಅಧ್ಯಾಯವಿದೆ. ಮೈಸೂರಿನ ಜಟ್ಟಿಗಳು ದಸರೆಯ ವಜ್ರಮುಷ್ಟಿ ಕಾಳಗಕ್ಕೆ ಎಷ್ಟು ಪ್ರಸಿದ್ಧರೋ ಉಳುಕು ತೆಗೆಯುವುದಕ್ಕೆ, ಮೂಳೆ ಕೂರಿಸುವುದಕ್ಕೆ ಅಷ್ಟೇ ಹೆಸರಾಗಿದ್ದರು. ಗರಡಿ ಮನೆಯಲ್ಲಿ ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ಮಾಲೀಸು ಮಾಡುವುದು ಪಾಠದ ಒಂದು ಭಾಗವೇ. ದಂಡ, ಬಸ್ಕಿ, ಗದೆಗಳ ಹಾಗೆ ಅದಕ್ಕೂ ಹೊತ್ತು ಗೊತ್ತಾಗಿರುತ್ತದೆ. ನೋವು ಬಂದ ಮೇಲೆ ಓಡಿಬರುವ ಉಪಚಾರವಲ್ಲ ಅದು.

ದೀಪಾವಳಿಯಲ್ಲಿ ಮಾತ್ರ ಎಣ್ಣೆ ಕಾಣುವ ನಮ್ಮ ಮೈಗಳಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ. ನರಕ ಚತುರ್ದಶಿಯ ಬೆಳಗ್ಗೆ ತಲೆಗೆ ಮೂರು ಬೊಟ್ಟು ಎಣ್ಣೆ ಇಟ್ಟು, ಹಂಡೆಯ ನೀರು ಹೊಯ್ದುಕೊಂಡು, ಪಟಾಕಿಗೆ ಓಡುವವರೇ ಹೆಚ್ಚು.

ಪುಸ್ತಕದ ಮೇಲೆ ಬಾಗಿದ ಕುತ್ತಿಗೆ

ನಾವು ಆಡುವವರೇ ಅಲ್ಲ, ಓದುವವರು, ನಮಗೆ ಇದೆಲ್ಲ ಏಕೆ ಎಂದು ಕೆಲವರು ಪುಟ ತಿರುವುತ್ತಿರಬಹುದು. ನಿಲ್ಲಿ. ಪರೀಕ್ಷೆಯ ತಿಂಗಳಲ್ಲಿ ಹೆಚ್ಚು ನೋಯುವುದು ನಿಮ್ಮ ಕುತ್ತಿಗೆಯೇ. ನಮ್ಮ ತಲೆ ನಾಲ್ಕೂವರೆ ಐದು ಕಿಲೋ ತೂಗುತ್ತದೆ. ನೆಟ್ಟಗೆ ಕೂತಾಗ ಅದು ಬೆನ್ನೆಲುಬಿನ ಮೇಲೆ ಸಮವಾಗಿ ಕೂತಿರುತ್ತದೆ. ಪುಸ್ತಕದ ಮೇಲೋ ಮೊಬೈಲಿನ ಮೇಲೋ ಬಾಗಿದಾಗ ಅಷ್ಟೂ ಭಾರವನ್ನು ಕುತ್ತಿಗೆಯ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕು. ಎರಡು ಕಿಲೋ ಸಕ್ಕರೆಯ ಚೀಲವನ್ನು ಮೈಗೆ ಒತ್ತಿ ಹಿಡಿದು ಒಂದು ನಿಮಿಷ ನಿಲ್ಲಿ. ಆಮೇಲೆ ಕೈ ಚಾಚಿ ಹಿಡಿದು ಒಂದು ನಿಮಿಷ ನಿಲ್ಲಿ. ಕುತ್ತಿಗೆಯ ಪಾಡು ತಿಳಿಯುತ್ತದೆ. ಇಲ್ಲಿ ಎಳೆ ಹರಿಯುವ ಮಾತಿಲ್ಲ. ಬಿಡುವಿಲ್ಲದೆ ಬಿಗಿಹಿಡಿದ ಸ್ನಾಯು, ಮೇಲಾಗಿ ಪರೀಕ್ಷೆಯ ಭಯ. ಹೆದರಿದವನ ಭುಜ ಕಿವಿಯ ಕಡೆಗೆ ಏರುವುದನ್ನು ನೀವೇ ಕಂಡಿರುತ್ತೀರಿ. ಮನೆಯಲ್ಲಿ ಇದಕ್ಕೆ "ನರ ಹಿಡ್ಕೊಂಡಿದೆ" ಎನ್ನುತ್ತಾರೆ. ಹೆಚ್ಚಿನ ಸಲ ಹಿಡಿದುಕೊಂಡಿರುವುದು ನರವಲ್ಲ, ಸ್ನಾಯು.

ಇಂಥ ಹಳೆಯ ಬಿಗಿತಕ್ಕೆ ಒಂದು ದಿನದ ನೀವಿಕೆ ಸಾಲದು. ಅಮೆರಿಕದ ಸಿಯಾಟಲ್‌ನಲ್ಲಿ ಬಹುಕಾಲದ ಕುತ್ತಿಗೆ ನೋವಿದ್ದ 228 ಜನರನ್ನು ಗುಂಪುಗಳಾಗಿ ವಿಂಗಡಿಸಿ ನಾಲ್ಕು ವಾರ ಬೇರೆ ಬೇರೆ ಪ್ರಮಾಣದಲ್ಲಿ ಮಾಲೀಸು ಕೊಟ್ಟು ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಒಂದು ಸಲಕ್ಕೆ ಅರ್ಧ ಗಂಟೆಯಂತೆ ಪಡೆದವರಿಗೆ, ಏನೂ ಪಡೆಯದೆ ಕಾದಿದ್ದವರಿಗಿಂತ ಹೇಳಿಕೊಳ್ಳುವ ಲಾಭವಾಗಲಿಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ಒಂದು ಗಂಟೆ ಪಡೆದವರಿಗೆ ಸ್ಪಷ್ಟ ಲಾಭವಾಯಿತು. ಅದೇ ಊರಿನಲ್ಲಿ ಬೆನ್ನಿನ ಕೆಳಭಾಗದ ನೋವಿದ್ದ 401 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ವಾರಕ್ಕೊಮ್ಮೆಯಂತೆ ಹತ್ತು ವಾರ ಒಂದು ಗುಂಪಿಗೆ ಹಿತವಾದ ಸಾಮಾನ್ಯ ಮಾಲೀಸು, ಇನ್ನೊಂದಕ್ಕೆ ನೋವಿನ ಮೂಲ ಹುಡುಕಿ ಒತ್ತುವ ಪರಿಣತ ಮಾಲೀಸು. ಎರಡು ಗುಂಪುಗಳೂ ಮಾಮೂಲಿ ಚಿಕಿತ್ಸೆಯವರಿಗಿಂತ ಚೇತರಿಸಿಕೊಂಡವು, ಲಾಭ ಆರು ತಿಂಗಳಾದರೂ ಉಳಿದಿತ್ತು. ಎರಡರಲ್ಲಿ ಯಾವುದು ಮೇಲು? ಎರಡೂ ಸಮ. ಜೋರಾಗಿ ಒತ್ತಿ ಗಂಟು ಒಡೆದರೇ ಗುಣ ಎಂಬ ನಂಬಿಕೆಗೆ ಇಲ್ಲಿ ಪುಷ್ಟಿ ಸಿಗಲಿಲ್ಲ. ಬೆನ್ನುಹುರಿಯ ಸಡಿಲಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದೆನಲ್ಲ, ನಿಯಮಿತವಾಗಿ ಮಾಡಬೇಕೆಂಬುದಕ್ಕೆ ಅದೂ ಒಂದು ಕಾರಣ. ತಿಂಗಳಿಗೊಮ್ಮೆ ಜೋರಾಗಿ ಹಿಂಡಿಸಿಕೊಳ್ಳುವುದಕ್ಕಿಂತ ವಾರಕ್ಕೆ ಎರಡು ಸಲ ಹಗುರವಾಗಿ ನೀವಿಸಿಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ.

ಕೈ ಇಡಬಾರದ ನೋವು

ಪಿಯುಸಿಯಲ್ಲಿದ್ದಾಗ ಕಬಡ್ಡಿ ಆಡುತ್ತಿದ್ದೆ. ಒಂದು ಸಂಜೆ ಎದುರಾಳಿಯ ಮೊಣಕಾಲು ನನ್ನ ತೊಡೆಗೆ ಬಲವಾಗಿ ಬಡಿಯಿತು. ರಾತ್ರಿಯ ಹೊತ್ತಿಗೆ ತೊಡೆ ಊದಿ ಕಲ್ಲಿನಂತಾಯಿತು. ಹಾಸ್ಟೆಲಿನಲ್ಲಿ ನಮಗಿಂತ ಹಿರಿಯರಾದ ಒಬ್ಬರು, ಒಳ್ಳೆಯ ಮನಸ್ಸಿನವರೇ, "ರಕ್ತ ಕಟ್ಟಿದೆ, ಈಗಲೇ ಒಡೀಬೇಕು" ಎಂದು ಬಿಸಿ ಎಣ್ಣೆ ಹಾಕಿ ಹೆಬ್ಬೆರಳಿನಿಂದ ಅರ್ಧ ಗಂಟೆ ಒತ್ತಿದರು. ನಾನು ದಿಂಬು ಕಚ್ಚಿಕೊಂಡು ಸಹಿಸಿದೆ. ಗಂಡಸುತನದ ಪ್ರಶ್ನೆ ನೋಡಿ. ಮೂರು ರಾತ್ರಿ ಹೀಗೇ ನಡೆಯಿತು. ಒಂದು ತಿಂಗಳಾದರೂ ಮೊಣಕಾಲು ಮಡಚಲು ಬರಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಸ್ನಾಯುವಿನ ಮಧ್ಯೆ ಮೋಡದಂಥ ಬಿಳಿ ಛಾಯೆ ಕಂಡಿತು. ಪೆಟ್ಟುಬಿದ್ದ ಸ್ನಾಯುವಿನಲ್ಲಿ ಮೂಳೆ ಬೆಳೆಯತೊಡಗಿತ್ತು. ಬಲವಾದ ಪೆಟ್ಟಿನಿಂದ ಒಳಗೆ ರಕ್ತ ಸೋರಿದ ಕಡೆ ಹೀಗಾಗುವುದುಂಟು, ಮೊದಲ ದಿನಗಳಲ್ಲಿ ಹಿಂಡಿದರೆ ಆ ಅಪಾಯ ಹೆಚ್ಚುತ್ತದೆ ಎಂದು ವೈದ್ಯರು ಹೇಳಿದರು. ಆ ವರ್ಷದ ಪಂದ್ಯಗಳು ನನ್ನ ಪಾಲಿಗೆ ಮುಗಿದವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಏಳು ತಿಂಗಳು ಬೇಕಾಯಿತು.

ಆದ್ದರಿಂದ ಒತ್ತುವ ಮೊದಲು ಇದು ಯಾವ ನೋವು ಎಂದು ಕೇಳಿಕೊಳ್ಳಿ. ಅಭ್ಯಾಸವಿಲ್ಲದ ಕೆಲಸ ಮಾಡಿದ ಮರುದಿನ ಎರಡೂ ಕಾಲುಗಳಲ್ಲಿ, ಇಡೀ ಸ್ನಾಯುವಿನಲ್ಲಿ ಹರಡಿದಂತೆ ಬರುವ ಮಂದವಾದ ನೋವಿಗೆ ನೀವಿಕೆ ಒಪ್ಪುತ್ತದೆ. ಬಿದ್ದು, ತಿರುಚಿ, ಬಡಿಸಿಕೊಂಡು, ಆ ಕ್ಷಣದಲ್ಲೇ ಒಂದೇ ಜಾಗದಲ್ಲಿ ಚುಚ್ಚಿದಂತೆ ಬಂದ ನೋವಿಗೆ ಒಪ್ಪುವುದಿಲ್ಲ. ಅಲ್ಲಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ, ಊತ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಜ್ವರವಿದ್ದಾಗ, ಚರ್ಮದ ಮೇಲೆ ಹುಣ್ಣು ಕಜ್ಜಿ ಇದ್ದಾಗ, ಮೂಳೆ ಮುರಿದ ಅನುಮಾನವಿದ್ದಾಗ ಎಣ್ಣೆಯ ಬಟ್ಟಲು ಮುಟ್ಟಲೇಬೇಡಿ. ಇನ್ನೆರಡು ಲಕ್ಷಣಗಳನ್ನು ಮನೆಯ ದೊಡ್ಡವರಿಗೂ ತಿಳಿಸಿ. ಕಾಯಿಲೆಯಿಂದ ಬಹಳ ದಿನ ಮಲಗಿದ್ದವರಿಗೆ, ಕಾಲಿನ ಶಸ್ತ್ರಚಿಕಿತ್ಸೆಯಾದವರಿಗೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡನೆಯದು, ಯಾರದೋ ಪಂತಕ್ಕೆ ಬಿದ್ದು ಐನೂರು ಬಸ್ಕಿ ಹೊಡೆದವನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ವಿಪರೀತ ಒಡೆದು ಅದರ ಪ್ರೋಟೀನು ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದು ಅರ್ಥ. ಮಾಲೀಸಿನ ಮಾತು ಬಿಟ್ಟು ಆಗಲೇ ಆಸ್ಪತ್ರೆಗೆ ಹೋಗಬೇಕು.

ಹೇಗೆ ನೀವಬೇಕು?

ಪರದೆಯ ಮೇಲಾದರೆ ಕೈ ಹೇಗೆ ಚಲಿಸಬೇಕೆಂದು ಅರೆಗಳಿಗೆಯಲ್ಲಿ ತೋರಿಸಬಹುದು. ಅಕ್ಷರದಲ್ಲಿ ಸ್ವಲ್ಪ ಕಷ್ಟ. ಮೀನಖಂಡವನ್ನೇ ತೆಗೆದುಕೊಳ್ಳಿ, ಅದು ನಿಮ್ಮ ಕೈಗೆ ನಿಲುಕುವ ಜಾಗ. ಚಾಪೆಯ ಮೇಲೆ ಗೋಡೆಗೆ ಒರಗಿ ಕೂತು ಮೊಣಕಾಲು ಅರ್ಧ ಮಡಚಿ. ಮಡಚಿದಾಗ ಸ್ನಾಯು ಸಡಿಲವಾಗಿ ಜೋತುಬೀಳುತ್ತದೆ. ಅಂಗೈಗೆ ಒಂದು ಚಮಚ ಎಣ್ಣೆ ಸಾಕು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಮನೆಯಲ್ಲಿ ಯಾವುದಿದೆಯೋ ಅದು. ಎಣ್ಣೆಯ ಮುಖ್ಯ ಕೆಲಸ ಕೈ ಜಾರುವಂತೆ ಮಾಡುವುದು. ದುಬಾರಿ ಸೀಸೆಗೆ ಹಣ ಹಾಕಬೇಕಾಗಿಲ್ಲ. ಮೊದಲ ಎರಡು ನಿಮಿಷ ಹಿಮ್ಮಡಿಯ ಕಡೆಯಿಂದ ಮೊಣಕಾಲಿನ ಕಡೆಗೆ ಇಡೀ ಅಂಗೈಯಿಂದ ಹಗುರವಾಗಿ ಸವರಿ. ಆಮೇಲೆ ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ ಇಟ್ಟು ಚಪಾತಿ ಹಿಟ್ಟು ನಾದುವ ಹಾಗೆ ಸ್ನಾಯುವನ್ನು ಎತ್ತಿ ಎತ್ತಿ ಹಿಸುಕಿ ಬಿಡಿ. ಎಲ್ಲಿ ಬಿಗಿ ಹೆಚ್ಚಿದೆಯೋ ಅಲ್ಲಿ ಹೆಬ್ಬೆರಳನ್ನು ಊರಿ, ಎರಡು ಮೂರು ಉಸಿರು ಬಿಡುವಷ್ಟು ಹೊತ್ತು ಹಾಗೇ ಹಿಡಿದು ನಿಧಾನವಾಗಿ ತೆಗೆಯಿರಿ. ಕೊನೆಗೆ ಮತ್ತೆ ಸವರಿ. ಒಂದು ಕಾಲಿಗೆ ಹತ್ತು ನಿಮಿಷ. ಮೂಳೆಯ ಮೇಲೆ, ಮೊಣಕಾಲಿನ ಹಿಂದಿನ ಕುಳಿಯಲ್ಲಿ, ಕುತ್ತಿಗೆಯ ಮುಂಭಾಗದಲ್ಲಿ ಒತ್ತಬಾರದು. ಅಲ್ಲೆಲ್ಲ ರಕ್ತನಾಳ, ನರಗಳು ಚರ್ಮಕ್ಕೆ ಹತ್ತಿರದಲ್ಲಿವೆ.

ಎಷ್ಟು ಜೋರು? "ಹಾ, ಅಲ್ಲೇ, ಹಾಗೇ" ಎನ್ನುವಷ್ಟು. ಹಲ್ಲು ಕಚ್ಚಿ ಉಸಿರು ಹಿಡಿಯುವಂತಾದರೆ ಹೆಚ್ಚಾಯಿತೆಂದೇ ಲೆಕ್ಕ. ಆಗ ಸ್ನಾಯು ಸಡಿಲವಾಗುವ ಬದಲು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ಕುತ್ತಿಗೆಗೆ ಸ್ನೇಹಿತರ ಸಹಾಯ ಪಡೆಯಿರಿ. ಹೆಗಲಿನ ದಪ್ಪ ಸ್ನಾಯುವನ್ನು ಹಿಸುಕಬಹುದು, ಆದರೆ ಕತ್ತನ್ನು ತಿರುಚಿ ಲಟಕ್ಕೆನ್ನಿಸಲು ಯಾರಿಗೂ ಬಿಡಬೇಡಿ. ಕ್ಷೌರದಂಗಡಿಯಲ್ಲಿ ಅದನ್ನು ಉಚಿತವಾಗಿ ಮಾಡಿದರೂ ಬೇಡ ಎನ್ನಿ. ವಾರಗಟ್ಟಲೆ ಉಳಿದ ನೋವು, ಕೈ ಜೋಮು ಹಿಡಿಯುವುದು, ಬಲ ಕುಂದುವುದು ಇದ್ದರೆ ಫಿಸಿಯೊಥೆರಪಿಸ್ಟ್ ನೋಡಬೇಕು.

ಕ್ರೀಡಾಕೂಟದ ಹುಡುಗರಿಗೆ ಇನ್ನೊಂದು ಮಾತು. ಒಮ್ಮೆ ನೊಂದ ಸ್ನಾಯು ಅದೇ ಕೆಲಸಕ್ಕೆ ಮುಂದಿನ ಸಲ ಅಷ್ಟು ನೋಯುವುದಿಲ್ಲ, ದುರಸ್ತಿಯಾಗುವಾಗ ಗಟ್ಟಿಯಾಗಿರುತ್ತದೆ. ಹಾಗಾಗಿ ಮೊದಲ ದಿನ ಹತ್ತೇ ಬಸ್ಕಿ, ಮೂರು ದಿನ ಬಿಟ್ಟು ಇಪ್ಪತ್ತು. ಅಷ್ಟರಲ್ಲೂ ನೋವು ಬಂದರೆ ಸಂಜೆ ಎಣ್ಣೆಯ ಬಟ್ಟಲು ಇದ್ದೇ ಇದೆ. ನೀವಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಬಿಸಿ ನೀರಿನ ಸ್ನಾನ ಮಾಡಿ. ಆದರೆ ಏಳುವ ಮೊದಲು ಅಂಗಾಲಿನ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳಿ, ಬಚ್ಚಲ ಕಲ್ಲಿನ ಮೇಲೆ ಒಂದಿಷ್ಟು ಸೀಗೆಪುಡಿ ಉದುರಿಸಿ ತಿಕ್ಕಿ ತೊಳೆದು ಕಾಲಿಡಿ. ನಮ್ಮ ಮನೆಯಲ್ಲಿ ಎಣ್ಣೆ ಸ್ನಾನದ ದಿನ ಆದ ಉಳುಕುಗಳಲ್ಲಿ ಅರ್ಧ, ಜಾರಿ ಬಿದ್ದೇ ಆದವು.